ಲೂಸವ್ವ ಎರಡು ಸಲ ಹೇಳಿದ ಪಾಪ

ದೇವರು ಹತ್ತಿರ ಬಂದರೆ ಮನಸ್ಸಿಗೆ ಹಿತವಾಗುತ್ತದೆ, ಮೈ ಹಗುರಾಗುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮಜ್ಜಿ ಲೂಸವ್ವ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಆಕೆಯ ಹತ್ತಿರ ದೇವರು ಬಂದದ್ದು ಒಂದೇ ಸಲ. ಅದೇನು ಹಿತವೋ, ಆ ಹಿತ ನನ್ನ ಹಗೆಗೂ ಬೇಡ ಎನ್ನುತ್ತಿದ್ದಳು. ಪಾದ್ರಿಯ ಎದುರು ಹೇಳಿಕೊಂಡ ಪಾಪವನ್ನು ಕೇಳಿಸಿಕೊಂಡವರು ಹೊರಗೆ ಆಡುವಂತಿಲ್ಲ, ಹೇಳಿದವರಿಗೆ ಆ ಕಟ್ಟಿಲ್ಲ. ಹಾಗಾಗಿ ಆಕೆ ನನಗೆ ಹೇಳಿದಳು, ನಾನು ನಿಮಗೆ ಹೇಳುತ್ತಿದ್ದೇನೆ.

ನಾವು ಗಜೇಂದ್ರಗಡದ ನೇಕಾರರು. ಹಿಂದೆಂದೋ ಮುದಗಲ್ಲಿನಿಂದ ಬಂದು ಗುಡ್ಡದ ಬುಡದಲ್ಲಿ ಮಗ್ಗ ಹೂಡಿದ ಹನ್ನೊಂದು ಕಿರಸ್ತಾನ ಮನೆಗಳು, ಒಂದೇ ಓಣಿ. ಪೂಜೆ ಮಾಡುವ ಪಾದ್ರಿ ವರ್ಷಕ್ಕೊಮ್ಮೆ ಬಂದರೆ ಪುಣ್ಯ, ಕೆಲವು ಸಲ ಮೂರು ವರ್ಷವಾದರೂ ಪತ್ತೆಯಿಲ್ಲ. ಉಳಿದ ದಿನ ಜಪ ಹೇಳಿಸುವುದು, ಹುಟ್ಟಿದ ಕೂಸಿಗೆ ಹೆಸರಿಡುವುದು, ಸತ್ತವರನ್ನು ಹೂಳುವುದು ಎಲ್ಲವೂ ಉಪದೇಶಿ ಸಂದ್ಯಾಗಪ್ಪನ ಪಾಲಿಗೆ. ಅವನ ಹೆಂಡತಿ ತೀರಿಹೋಗಿದ್ದಳು. ಇದ್ದವನು ಒಬ್ಬನೇ ಮಗ, ಇನ್ನಾಸಪ್ಪ. ಆ ಹುಚ್ಚಪ್ಪ ಮಗ್ಗ ಬಿಟ್ಟು ನರಗುಂದದ ಕೋಟೆಗೆ ಹೋಗಿ ಸಿಪಾಯಿಯಾಗಿದ್ದ.

ನರಗುಂದ ದಂಗೆ ಎದ್ದು, ಬಿಳಿಯರ ಫೌಜು ಬಂದು ಕೋಟೆ ಹಿಡಿದ ಮುಂಗಾರು ಅದು. ತಪ್ಪಿಸಿಕೊಂಡವರನ್ನು ಕುದುರೆ ಸವಾರರು ಊರೂರು ಹುಡುಕುತ್ತಿದ್ದರು. ಅಂಥವರಿಗೆ ಜಾಗ ಕೊಟ್ಟ ಮನೆಯ ಗಂಡಸಿಗೆ ಗಲ್ಲು ಎಂದು ಡಂಗುರ ಸಾರಿಯಾಗಿತ್ತು. ಒಂದು ಮಧ್ಯಾಹ್ನ ಇನ್ನಾಸಪ್ಪ ಹಿತ್ತಲ ಬಾಗಿಲಿನಿಂದ ನಮ್ಮಜ್ಜಿಯ ಮನೆಗೆ ನುಗ್ಗಿದ. ಅಪ್ಪನ ಮನೆಯನ್ನೇ ಮೊದಲು ಜಾಲಾಡುತ್ತಾರೆಂದು ಅವನಿಗೆ ತಿಳಿದಿತ್ತು. ನಮ್ಮಜ್ಜ ಚೌರಪ್ಪ ಸೀರೆ ಮಾರಲು ರೋಣಕ್ಕೆ ಹೋಗಿದ್ದ. ಹತ್ತೊಂಬತ್ತು ವರ್ಷದ ಅಜ್ಜಿ, ಕಂಕುಳಲ್ಲಿ ಕೂಸು, ಮನೆಯಲ್ಲಿ ಒಬ್ಬಳೇ. ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗೆ ಅವನನ್ನು ಮುದುರಿ ಕೂರಿಸಿ ಮೇಲೆ ಚಾಪೆ ಎಳೆದಳು.

ಸವಾರರು ಬಂದರು, ಕುಣಿಯಿಂದ ಅವನನ್ನು ಎಳೆದರು, ಸಂಜೆಯೊಳಗೆ ಬೆಳವಣಕಿ ದಾರಿಯ ಬೇವಿನ ಮರಕ್ಕೆ ನೇಣು ಹಾಕಿದರು. ಓಣಿಗೆ ತಿಳಿದದ್ದು ಇಷ್ಟೇ. ಚೌರಪ್ಪನನ್ನು ಮುಟ್ಟದೆ ಬಿಟ್ಟದ್ದೇಕೆ ಎಂದು ಯಾರೂ ಕೆದಕಲಿಲ್ಲ, ಎಳೆಕೂಸಿನ ತಾಯಿಯ ಮೇಲೆ ಕನಿಕರಪಟ್ಟಿರಬೇಕು ಎಂದುಕೊಂಡರು. ಮಗನನ್ನು ಮಣ್ಣು ಮಾಡಿದ ಮಾರನೆಯ ದಿನ ಸಂದ್ಯಾಗಪ್ಪ ಬಂದು, ಜೀವದ ಆಸೆ ಬಿಟ್ಟು ನನ್ನ ಮಗನಿಗೆ ಜಾಗ ಕೊಟ್ಟೆಯಲ್ಲ ಎಂದು ಅಜ್ಜಿಯ ತಲೆಯ ಮೇಲೆ ಕೈಯಿಟ್ಟು ಅತ್ತುಬಿಟ್ಟ. ಅಂದಿನಿಂದ ಆಕೆಯನ್ನು ಮಗಳೇ ಎಂದು ಕರೆಯತೊಡಗಿದ. ಅವನು ಹಾಗೆ ಕರೆದಾಗಲೆಲ್ಲ ಅಜ್ಜಿ ಏನಾದರೊಂದು ಕೆಲಸದ ನೆವ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು.

ಮರುವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಪಾದ್ರಿ ಬಂದರು. ಅಜ್ಜಿ ಏಳು ತಿಂಗಳ ಬಸುರಿ. ಹಿಂದಿನ ಹೆರಿಗೆಯಲ್ಲೇ ಸತ್ತು ಬದುಕಿದವಳು, ಈ ಸಲ ಉಳಿಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಳು. ಪಾಪ ಹೇಳಿಕೊಳ್ಳದೆ ಸತ್ತರೆ ನರಕ, ಅದರಲ್ಲಿ ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮುಂದಿನ ಪಾದ್ರಿ ಯಾವಾಗ ಬರುತ್ತಾರೋ ಯಾರಿಗೆ ಗೊತ್ತು?

ಆದರೆ ಬಂದವರು ಗೋವೆಯ ಕಡೆಯ ಹೊಸಬರು. ಕೊಂಕಣಿ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಕನ್ನಡ ಒಂದಕ್ಷರ ಬಾರದು. ಅಂಥ ಹೊತ್ತಿನಲ್ಲಿ ಉಪದೇಶಿಯೇ ನಡುವೆ ಕೂತು ಪಾಪವನ್ನು ಆಚೆ ದಾಟಿಸುವುದು ನಮ್ಮ ಓಣಿಯ ಪದ್ಧತಿ. ಕಟ್ಟಿದ ಸೀರೆಯ ಮರೆಯಲ್ಲಿ ಪಾದ್ರಿ, ಈಚೆ ಪಾಪ ಹೇಳುವವರು, ನಡುವೆ ತಲೆ ಮುಖ ಮುಚ್ಚುವಂತೆ ವಲ್ಲಿ ಹೊದ್ದ ಉಪದೇಶಿ. ಇಲ್ಲಿ ಕೇಳಿದ್ದನ್ನು ಸಾಯುವ ತನಕ ಆಡುವುದಿಲ್ಲ, ಕೇಳಿದ್ದೇನೆಂದು ಮುಖದಲ್ಲೂ ತೋರಿಸುವುದಿಲ್ಲ ಎಂದು ಅವನು ಶಿಲುಬೆ ಮುಟ್ಟಿ ಆಣೆ ಮಾಡಿರುತ್ತಾನೆ. ಅಜ್ಜಿಗೆ ಮರಾಠಿ ಕೇಳಿದರೆ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಸತ್ತವನ ಅಪ್ಪನ ಬಾಯಿಂದಲೇ ಆಕೆಯ ಪಾಪ ಹೋಗಬೇಕು, ಬೇರೆ ದಾರಿಯಿಲ್ಲ.

ಮೂರು ದಿನ ತನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ನಾಲ್ಕನೆಯ ಬೆಳಿಗ್ಗೆ ಪಾದ್ರಿ ಹೊರಡುವ ಮುಂಚೆ ಹೋಗಿ ಮೊಣಕಾಲೂರಿದಳು. ಅಷ್ಟರಲ್ಲಿ ಒಂದು ಮಾತನ್ನು ಹೊಂದಿಸಿಕೊಂಡಿದ್ದಳು.

"ಇನ್ನಾಸಪ್ಪ ಕುಣ್ಯಾಗ ಅದಾನಂತ ಸವಾರರಿಗೆ ತೋರಿಸಿದಾಕಿ ನಾನಽ ರೀ," ಎಂದಳು. "ಬಿಳಿ ಸಾಹೇಬರೂ ಕಿರಸ್ತಾನರು, ನಮ್ಮ ಹುಡುಗನ್ನ ಬಿಡ್ತಾರ ಅಂತ ತಿಳದಿದ್ದೆ. ಕೊಳ್ಳಾಗಿನ ಶಿಲುಬಿ ತೋರಿಸಿ, ಇಂವಾ ನಮ್ಮಾಂವ ಅಂತ ಹೇಳಿ, ಕುಣಿ ತೋರಿಸಿದೆ."

ನಂಬುವಂಥ ಮಾತೇ. ಬಿಳಿಯರಿಗೂ ನಮಗೂ ಒಂದೇ ದೇವರು, ಶಿಲುಬೆ ಕಂಡರೆ ಕೈ ಎತ್ತುವುದಿಲ್ಲ ಎಂದು ಆಗ ನಮ್ಮ ಓಣಿಯ ಪೆದ್ದು ಜನ ನಿಜಕ್ಕೂ ನಂಬಿದ್ದರು.

ಸಂದ್ಯಾಗಪ್ಪ ಮರಾಠಿಯಲ್ಲಿ ಹೇಳಲು ಶುರುಮಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ ಹುಡುಗಿ, ಒಳ್ಳೆಯದಾಗಲೆಂದು ಮಾಡಿದಳು ಎಂಬ ಮರುಕವಿತ್ತು. ತಾನು ಗೆದ್ದೆ ಎಂದು ಅಜ್ಜಿಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ. ಆಗಲೇ ದೇವರು ಬಂದ.

ಬೆಳಕಿಲ್ಲ, ಸದ್ದಿಲ್ಲ. ಮೂವರಿದ್ದ ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆ, ಅಷ್ಟೇ. ಆ ಮಧ್ಯಾಹ್ನ ಮಗ್ಗದ ಪಕ್ಕದಲ್ಲಿ ನಿಂತು ಎಲ್ಲ ನೋಡಿದವನೇ ಈಗ ಎದುರಿಗಿದ್ದಾನೆ ಎಂದು ಆಕೆಗೆ ತಿಳಿಯಿತು. ಬೈಯಲಿಲ್ಲ, ಬೆದರಿಸಲಿಲ್ಲ, ಸುಮ್ಮನೆ ಕಾದ. ಕುದಿಯುವ ನೀರು ಮೈಮೇಲೆ ಬಿದ್ದಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ ಎನ್ನುತ್ತಿದ್ದಳು ಅಜ್ಜಿ. ಓಡಿಹೋಗಬೇಕೆನಿಸಿತು, ಅವನು ಹೋಗಿಬಿಟ್ಟರೆ ತನ್ನ ಗತಿಯೇನೆಂದು ಭಯವೂ ಆಯಿತು.

"ತಡೀರಿ, ನಾ ಹೇಳಿದ್ದು ಸುಳ್ಳು," ಎಂದಳು. "ಸವಾರರು ಏನೂ ಸಿಗದ ಹೊಳ್ಳಿ ಹೊಂಟಿದ್ರು. ನನ್ನ ಯಾರೂ ಕೇಳಿರಲಿಲ್ಲ. ಮತ್ತ ಬಂದು ನನ್ನ ಗಂಡನ್ನ ಒಯ್ತಾರಂತ ಅಂಜಿ, ನಾನಽ ಕರದು ತೋರಿಸಿದೆ. ಶಿಲುಬಿ ಆಮ್ಯಾಲ ಹೊರಗ ತಗದೆ. ಅಂವಾ ನನ್ನ ಮಾರಿ ನೋಡಿದ ಮ್ಯಾಲ."

ಏನಂದಳು ಎಂದು ಪಾದ್ರಿ ಒಮ್ಮೆ ಕೇಳಿದರು, ಇನ್ನೊಮ್ಮೆ ಕೇಳಿದರು. ಆಮೇಲೆ ಆ ಮುದುಕ ಹೇಳಿದ. ಒಂದು ಮಾತು ಕೂಡಿಸಲಿಲ್ಲ, ಒಂದು ಮಾತು ಕಳೆಯಲಿಲ್ಲ. ಮಗ ಆಕೆಯ ಮುಖ ನೋಡಿದ್ದನ್ನೂ ಬಿಡದೆ ಹೇಳಿದ.

ಪಾದ್ರಿ ಏನೋ ಕೇಳಿದರು. ಸಂದ್ಯಾಗಪ್ಪ ಆಕೆಯ ಕಡೆ ತಿರುಗಿದ. "ಆ ಹುಡುಗನ ಅಪ್ಪ ಅದಾನೇನು, ಕೇಳ್ತಾರ."

"ಅದಾರ್ರಿ," ಎಂದಳು ಅಜ್ಜಿ.

ಇದ್ದಾನೆ ಎಂದು ಅವನು ಮರಾಠಿಯಲ್ಲಿ ಹೇಳಿದ.

ಹಾಗಾದರೆ ಆ ಅಪ್ಪ ಬದುಕಿರುವ ತನಕ ದಿನಕ್ಕೊಂದು ಹೊತ್ತಿನ ಊಟ ನಿನ್ನ ಕೈಯಿಂದ ಮಾಡಿ ಒಯ್ದು ಕೊಡಬೇಕು, ಇದೇ ಪ್ರಾಯಶ್ಚಿತ್ತ ಎಂದರು ಪಾದ್ರಿ. ಅದನ್ನು ಕನ್ನಡಕ್ಕೆ ತರುವ ಮೊದಲು ಸಂದ್ಯಾಗಪ್ಪ ಅವರನ್ನು ಬೇಡಿಕೊಂಡದ್ದು ಅಜ್ಜಿಗೆ ತಿಳಿಯಿತು. ಬೇರೆ ಏನಾದರೂ ಕೊಡಿ, ಜಪ ಕೊಡಿ, ಉಪವಾಸ ಕೊಡಿ ಎಂದ. ದಾಟಿಸುವುದಷ್ಟೇ ನಿನ್ನ ಕೆಲಸ ಎಂದು ಪಾದ್ರಿ ಗದರಿದರು. ಅವನು ದಾಟಿಸಿದ. ಪಾದ್ರಿ ಕೈಯೆತ್ತಿ ಕ್ಷಮೆಯ ಮಂತ್ರ ಹೇಳಿದರು.

ಅಂದಿನಿಂದ ಅಜ್ಜಿ ದಿನಾ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋದಳು. ಹೆರಿಗೆಯಲ್ಲಿ ಸಾಯಲಿಲ್ಲ, ಹುಟ್ಟಿದವನು ನಮ್ಮಪ್ಪ. ಹೆತ್ತು ಏಳಲಾಗದ ನಾಲ್ಕು ದಿನ ಹಾಸಿಗೆಯ ಮೇಲೇ ಕೂತು ರೊಟ್ಟಿ ತಟ್ಟಿ, ಬೇರೆಯವರ ಕೈಲಿ ಸುಡಿಸಿ ಕಳಿಸಿದಳಂತೆ. ಸಂದ್ಯಾಗಪ್ಪ ಆಕೆಯ ಎದುರಿಗೇ ಕೂತು ಉಣ್ಣುತ್ತಿದ್ದ. ಮೊದಲಿನ ಹಾಗೆಯೇ ಮಾತಾಡಿಸುತ್ತಿದ್ದ, ಮಗಳೇ ಎನ್ನುವುದನ್ನೂ ಬಿಡಲಿಲ್ಲ. ಬಿಟ್ಟರೆ ಕೇಳಿದ್ದನ್ನು ತೋರಿಸಿದಂತೆ ಆಗುತ್ತಿತ್ತಲ್ಲ! ಅದು ಪ್ರೀತಿಯೋ ಬರೀ ಆಣೆಯೋ ಎಂದು ಆಕೆ ಅವನ ಮುಖ ನೋಡಿ ನೋಡಿ ಸೋತಳು.

ಆ ವರ್ಷದ ಚಳಿಗಾಲದಲ್ಲಿ ಅವನು ಹಾಸಿಗೆ ಹಿಡಿದ. ಕೊನೆಕೊನೆಗೆ ರೊಟ್ಟಿಯನ್ನು ಹಾಲಲ್ಲಿ ಕಿವುಚಿ ಬಾಯಿಗಿಡಬೇಕಾಯಿತು. ಇನ್ನು ಇವನು ಉಳಿಯುವುದಿಲ್ಲವೆಂದು ಕಂಡ ದಿನ ಅಜ್ಜಿಗೆ ತಡೆಯಲಾಗಲಿಲ್ಲ.

"ಕಾಕಾ, ದೇವರು ಕ್ಷಮಾ ಮಾಡ್ಯಾನ. ನೀವು ಮಾಡೀರೇನ್ರಿ?"

ಸಂದ್ಯಾಗಪ್ಪ ಬಾಯಲ್ಲಿದ್ದ ತುತ್ತನ್ನು ನುಂಗಿದ.

"ಯಾವುದಕ್ಕವ್ವಾ?" ಎಂದು ಕೇಳಿ, ಮುಂದಿನ ತುತ್ತಿಗೆ ಬಾಯಿ ತೆರೆದ.