ಮುದ್ದೇಬಿಹಾಳದ ಅಕ್ಕನಿಗೆ ಓದಿ ಹೇಳಲು ಹೋದೆ

ಶನಿವಾರ ಬೆಳಿಗ್ಗೆ ಆರೂವರೆಗೆ ಇಂಡಿಯಿಂದ ಸಿಂದಗಿ ಬಸ್ಸು ಹೊರಟಾಗ ನನ್ನ ಕಾಲ ಬಳಿ ಒಂದು ಚೀಲ ನಿಂಬೆಕಾಯಿ, ತೊಡೆಯ ಮೇಲೆ ಬೈಬಲ್ ಇದ್ದವು. ಮುದ್ದೇಬಿಹಾಳಕ್ಕೆ, ರೂತಕ್ಕನ ಮನೆಗೆ ಹೊರಟಿದ್ದೆ. ಅವಳನ್ನು ನೋಡುವ ಖುಷಿಗೆ ಸೀಟಿನಲ್ಲಿ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಅವಳಿಗೆ ಹೇಳಬೇಕಾದ ಒಂದು ಮಾತಿನ ಹೆದರಿಕೆಯೂ ಜೊತೆಗಿತ್ತು.

ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಿದ. “ಏನೋ ತಮ್ಮಾ, ಇಡೀ ಇಂಡೀನ ತುಂಬಿಕೊಂಡು ಹೊಂಟಿಯೇನು?”

“ಅಕ್ಕಗ ಉಪ್ಪಿನಕಾಯಿ ಹಾಕಾಕ್ರಿ.”

“ಹಂಗಾರ ಬರೂವಾಗ ನನಗೊಂದು ಡಬ್ಬಿ ತಾ,” ಎಂದು ಟಿಕೆಟ್ ಹರಿದುಕೊಟ್ಟ.

ಮೊದಲು ನನ್ನ ತಪ್ಪನ್ನು ಬರೆದುಬಿಡುತ್ತೇನೆ. ರೂತಕ್ಕನಿಗೆ ಓದಲು ಬರುವುದಿಲ್ಲ. ಅವ್ವ ಕೂಲಿಗೆ ಹೋದರೆ ನನ್ನನ್ನು ಎತ್ತಿಕೊಂಡು ಮನೆಯಲ್ಲಿ ಇರುತ್ತಿದ್ದವಳು ಅವಳು. ಹಾಗಾಗಿ ಶಾಲೆಯ ಒಳಗೇ ಹೋಗಲಿಲ್ಲ. ನಾನು ಏಳನೆಯ ತರಗತಿವರೆಗೆ ಹೋದೆ. ದಿನಾ ಬೆಳಿಗ್ಗೆ ಅವಳು ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಕೂತು ಒಂದು ಅಧ್ಯಾಯ ಓದುತ್ತಿದ್ದೆ. ಮದುವೆಯಾಗಿ ಹೋಗುವ ದಿನ ಅವಳು ಕೇಳಿದ್ದು ಒಂದೇ: “ಫೋನಿನಾಗ ಓದಿ ಕಳಸ್ತಿರು, ತಮ್ಮಾ.” ಕಳಿಸುತ್ತಿದ್ದೆ. ನನ್ನ ಧ್ವನಿಯಲ್ಲಿ ಕೇಳಿದ್ದನ್ನು ಅವಳು ಭಾನುವಾರ ಓಣಿಯ ನಾಲ್ಕೈದು ಹೆಂಗಸರಿಗೆ ತನ್ನ ಮಾತಿನಲ್ಲಿ ಹೇಳುತ್ತಿದ್ದಳು.

ಹೊಸ ವರ್ಷ ಬಂದ ಮೇಲೆ ಓದುವುದನ್ನೇ ಬಿಟ್ಟೆ. ನಿಂಬೆಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊಲಿಯುವ ಕೆಲಸ ಹೆಚ್ಚಾಗಿತ್ತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬೇಸರ ಬಂದಿತ್ತು, ಅಷ್ಟೇ. ಹಿಂದಿನ ವರ್ಷ ಓದಿದ್ದರಲ್ಲಿ ಒಂದಿಷ್ಟು ಫೋನಿನಲ್ಲೇ ಉಳಿದಿತ್ತು. ದಿನಕ್ಕೊಂದರಂತೆ ಅದನ್ನೇ ಮತ್ತೆ ಮತ್ತೆ ಕಳಿಸತೊಡಗಿದೆ. ಅವಳಿಗೆ ಏನು ತಿಳಿಯುತ್ತದೆ ಎಂದುಕೊಂಡೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹಾಗೆಯೇ.

ಮೂರು ವಾರದ ಹಿಂದೆ ಕಳಿಸುವ ಬದಲು ಕೈತಪ್ಪಿ ಅದರಲ್ಲೊಂದನ್ನು ಕೇಳಿಬಿಟ್ಟೆ. ಎಷ್ಟು ಹುರುಪಿನಿಂದ ಓದುತ್ತಿದ್ದೆ! ಆ ಹುಡುಗ ಎಲ್ಲಿ ಹೋದ ಎನಿಸಿತು. ಪುಸ್ತಕದ ಧೂಳು ಒರೆಸಿ ಮೊದಲ ಪುಟದಿಂದ ಶುರು ಮಾಡಿದೆ. ಚಹಾ ಆರಿಹೋಯಿತು, ಗೊತ್ತಾಗಲಿಲ್ಲ. ಅವತ್ತಿನಿಂದ ಒಂದು ದಿನವೂ ಬಿಟ್ಟಿಲ್ಲ. ಆದರೆ ಹೊಸದಾಗಿ ಓದಿದ್ದನ್ನು ಕಳಿಸಲು ಮುಖವಿರಲಿಲ್ಲ. ಆ ಮೂರು ವಾರವೂ ಹಳೆಯದನ್ನೇ ಕಳಿಸಿದೆ. ಎದುರು ಕೂತು ತಪ್ಪು ಒಪ್ಪಿಕೊಂಡು, ಆಮೇಲೆ ಓದಬೇಕು ಎಂದೇ ಈ ಪ್ರಯಾಣ.

ಸಿಂದಗಿ ತಲುಪಿದಾಗ ತಾಳಿಕೋಟಿ ಕಡೆಯ ಬಸ್ಸು ಹೋಗಿಬಿಟ್ಟಿತ್ತು. ಬಸವನ ಬಾಗೇವಾಡಿಯ ಬಸ್ಸು ಹತ್ತಿದೆ. ಎರಡೂ ಬದಿ ಬಿಳಿಜೋಳದ ಕಟಾವು ನಡೆದಿತ್ತು, ಕಿಟಕಿಯಿಂದ ಆಗಲೇ ಬಿಸಿ ಗಾಳಿ. ಅವತ್ತಿನ ಪಾಲು ಯೋಸೇಫನ ಕಥೆ. ತುಟಿಯಲ್ಲೇ ಓದುತ್ತಿದ್ದೆ. ಪಕ್ಕದ ರುಮಾಲಿನ ಮುದುಕ ಬಗ್ಗಿ ನೋಡಿದ.

“ಪರೀಕ್ಷಾ ಐತೇನಪಾ?”

“ಇಲ್ರಿ ಯಜ್ಜಾ, ಬೈಬಲ್.”

“ಜ್ವಾರಾಗಿ ಓದು, ನನಗೂ ಹ್ವತ್ತು ಹೋಗಲಿ.”

ಓದಿದೆ. ಅಣ್ಣಂದಿರು ತಮ್ಮನನ್ನು ಬಾವಿಗೆ ಹಾಕಿ, ಮಾರಿ, ಅಪ್ಪನಿಗೆ ಸುಳ್ಳು ಹೇಳಿದ್ದು. ಮುದುಕ “ಹಲಕಟ್ಟ ಮಕ್ಕಳು!” ಎಂದು ಎದುರಿನ ಸೀಟಿಗೆ ಗುದ್ದಿದ. ಅಲ್ಲಿ ಕೂತವರೂ ಈ ಕಡೆ ತಿರುಗಿದರು. ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ಬರಗಾಲದಲ್ಲಿ ಆ ಅಣ್ಣಂದಿರು ಕಾಳು ಕೇಳಲು, ಪರದೇಶದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಯೋಸೇಫನ ಮುಂದೆಯೇ ಬಂದು ನಿಂತರು, ಅಷ್ಟರಲ್ಲಿ ದೇವರ ಹಿಪ್ಪರಗಿ ಬಂತು. ಮುದುಕ ಬಾಗಿಲವರೆಗೆ ಹೋಗಿ ಹೊರಳಿ ನಿಂತ.

“ಗುರುತು ಹಿಡದ್ರೋ ಇಲ್ಲೋ? ಅಷ್ಟ ಹೇಳು.”

“ಅವ್ರು ಹಿಡೀಲಿಲ್ರಿ. ಅಂವ ಹಿಡದಾ!”

ಬಾಗೇವಾಡಿಯಲ್ಲಿ ಇಳಿದು ಮಿರ್ಚಿ ಭಜಿ ತಿಂದು ಚಹಾ ಕುಡಿದೆ. ಎದುರಿಗೆ ಇಂಡಿ ಕಡೆಯ ಬಸ್ಸೊಂದು ನಿಂತಿತ್ತು. ಹತ್ತಿಬಿಟ್ಟರೆ ಮಧ್ಯಾಹ್ನಕ್ಕೆ ಮನೆ. ಅಕ್ಕ ಇನ್ನು ಮುಂದೆ ನನ್ನ ಧ್ವನಿಯನ್ನು ನಂಬದಿದ್ದರೆ? ಅವಳಿಗೆ ಓದಿ ಹೇಳುವವರು ಬೇರೆ ಯಾರೂ ಇಲ್ಲ. ಚೀಲ ಎತ್ತಿಕೊಂಡು ಆ ಬಸ್ಸಿನತ್ತ ನಾಲ್ಕು ಹೆಜ್ಜೆ ಇಟ್ಟದ್ದು ನಿಜ. ಅಷ್ಟರಲ್ಲಿ “ಮುದ್ದೇಬಾಳ, ಮುದ್ದೇಬಾಳ” ಎಂದು ಇನ್ನೊಂದು ಬಸ್ಸಿನ ಕಂಡಕ್ಟರ್ ಕೂಗಿದ. ಓಡಿ ಅದನ್ನೇ ಹತ್ತಿದೆ.

ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನೀರು ಕೊಟ್ಟಳು, ಬಡವಾಗಿದ್ದೀ ಎಂದು ಬೈದಳು, ಮತ್ತೆ ಮರದ ಕೊಣಮಿಗೆಯ ಮುಂದೆ ಕೂತು ಅದರಲ್ಲಿ ಹಿಟ್ಟು ನಾದಿದಳು. ತಡಮಾಡಿದರೆ ಹೇಳಲಾರೆ ಎಂದು ಗೊತ್ತಿತ್ತು.

“ಅಕ್ಕಾ, ಹೊಸ ವರ್ಷದಿಂದ ನಾ ನಿನಗ ಓದಿಲ್ಲ. ಹಳೇವನ್ನ ಕಳಿಸೇನಿ.”

ಅವಳ ಕೈ ನಿಲ್ಲಲಿಲ್ಲ. “ಗೊತ್ತೈತಿ.”

“ಹೆಂಗ?”

“ನೀ ಓದೂದರ ಹಿಂದ ನಮ್ಮ ಕೆಂಪು ಹುಂಜ ಕೂಗ್ತೈತಿ. ಕ್ರಿಸ್ಮಸ್ಸಿಗೆ ಇಂಡಿಗೆ ಬಂದು ಅದನ್ನ ಸಾರು ಮಾಡಿದಾಕಿ ನಾನ. ತೊಡಿ ತಿಂದಾಂವ ನೀನ. ಸತ್ತ ಹುಂಜ ಜನೇವರಿಯಾಗ ಹೆಂಗ ಕೂಗ್ತೈತೋ ಮಬ್ಬಾ?”

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. “ಮತ್ತ ಯಾಕ ಕೇಳಲಿಲ್ಲ?”

“ಕೇಳಿದ್ರ ಇನ್ನೊಂದು ಸುಳ್ಳು ಹೇಳ್ತಿದ್ದಿ. ಒಂದ ಸಾಕಾಗಿತ್ತು.” ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. “ದಿನಾ ಫೋನ್ ಕಿವಿಗಿ ಹಿಡೀತಿದ್ದೆ. ಇವತ್ತರ ಆ ಹುಂಜ ಕೂಗಬಾರದು ಸ್ವಾಮೀ ಅಂತ ಬೇಡ್ಕೋತಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಓದುವುದನ್ನು ಬಿಟ್ಟ ದಿನಗಳಲ್ಲೆಲ್ಲ ಅವಳು ನನಗಾಗಿ ಪ್ರಾರ್ಥಿಸುತ್ತಿದ್ದಳು.

ಭಾನುವಾರ ಮಧ್ಯಾಹ್ನ ಹೆಂಗಸರು ಬಂದರು. ಪಕ್ಕದ ಮನೆಯ ದಾನವ್ವ ನಮ್ಮ ಚರ್ಚಿನ ಸಭೆಯವಳಲ್ಲ, ಕಥೆಗಾಗಿ ಬರುವವಳು. ಕೂರುವ ಮೊದಲೇ ಶುರು ಮಾಡಿದಳು: “ರೂತವ್ವಾ, ಹೊಸಾದು ಐತೇನು? ಇಲ್ಲಾ ಮತ್ತ ಅದ ಬಾವಿ, ಅದ ಕೊಡ, ಅದ ಹೆಣಮಗಳೇನು? ಮೂರು ಸಲ ನೀರು ಸೇದಿಸಿದೆವ್ವಾ!” ನನ್ನ ಹಳೆಯ ಓದಿನಲ್ಲಿದ್ದ, ಬಾವಿಗೆ ನೀರು ಸೇದಲು ಬಂದ ಹೆಂಗಸಿನ ಕಥೆ ಅದು. ಎಲ್ಲರೂ ನಕ್ಕರು. ಅಕ್ಕ ತಲೆ ತಗ್ಗಿಸಿದಳು. ಅವಳ ಮರ್ಯಾದೆಯನ್ನೂ ನಾನು ಕಳೆದಿದ್ದೇನೆಂದು ಆಗ ತಿಳಿಯಿತು.

ಎದ್ದು ನಿಂತೆ. “ತಪ್ಪು ಅಕ್ಕಂದಲ್ರಿ, ನಂದು. ನಾನ ಹಳೇವು ಕಳಿಸ್ತಿದ್ದೆ.”

“ಹಂಗಾರ ಇವತ್ತ ನೀನ ಓದು,” ಎಂದಳು ದಾನವ್ವ, ಕಾಲು ಚಾಚಿ. “ಬಿಸಿಬಿಸಿ ಇರ್ಲಿ.”

ಅಲ್ಲಿವರೆಗಿನದನ್ನು ಚುಟುಕಾಗಿ ಹೇಳಿ, ಬಸ್ಸಿನಲ್ಲಿ ಓದು ನಿಂತಲ್ಲಿಂದ ಮುಂದೆ ಓದಿದೆ. ಯೋಸೇಫ ತಾನು ಯಾರೆಂದು ಹೇಳಿ ಗಟ್ಟಿಯಾಗಿ ಅತ್ತಾಗ ದಾನವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಅವಳ ತುಟಿಗಳು ನನ್ನ ಹಿಂದೆಯೇ ಅಲುಗುತ್ತಿದ್ದವು, ಒಲೆಯ ಪಕ್ಕ ಕೂತಾಗ ಅಲುಗುತ್ತಿದ್ದಂತೆ.

ಸೋಮವಾರ ಮೊದಲ ಬಸ್ಸಿಗೆ ಹೊರಟೆ. ಮೆಟ್ಟಿಲ ಬಳಿ ದಾನವ್ವನ ಕರಿ ಹುಂಜ ನನ್ನ ಚಪ್ಪಲಿಯನ್ನು ಕುಕ್ಕಿ ಬೆನ್ನಟ್ಟಿತು. ಅಕ್ಕ ನಗುತ್ತ ಬಾಗಿಲಲ್ಲಿ ನಿಂತಿದ್ದಳು.

ಬಾಗೇವಾಡಿ ಇನ್ನೂ ಬಂದಿರಲಿಲ್ಲ, ಫೋನ್ ಸದ್ದು ಮಾಡಿತು. ಅಕ್ಕ ಕಳಿಸಿದ್ದು. ಇಷ್ಟು ವರ್ಷದಲ್ಲಿ ಅವಳಾಗಿ ಕಳಿಸಿದ್ದು ಇದೇ ಮೊದಲು. ಕಿವಿಗೆ ಹಿಡಿದೆ. ಯೋಸೇಫನ ಕಥೆಯನ್ನು ತನ್ನ ಮಾತಿನಲ್ಲಿ ಒಂದೂ ಬಿಡದೆ ಹೇಳಿದ್ದಳು. ಕೊನೆಗೆ, “ನಾಳೆ ನಿನ್ನ ಪಾಳಿ,” ಎಂದಳು. ಅವಳ ಹಿಂದೆ ಹುಂಜವೊಂದು ಜೋರಾಗಿ ಕೂಗಿತು. “ಹುಶ್, ಹುಶ್! ನಿನ್ನ ಬಾಯಿ ಸುಡ್ಲಿ!” ಎಂದು ದಾನವ್ವ ಅದನ್ನು ಓಡಿಸುವುದೂ ಕೇಳಿಸಿತು.