ಕುಮೋಕ್ ಅಜ್ಜಿ ಮತ್ತು ಸೋಮಾರಿ ಅಳಿಯ

ವೊಂಜು ಊರಿನ ಮೂರಂತಸ್ತಿನ ಮನೆಯ ಯಜಮಾನಿ ಕುಮೋಕ್ ಅಜ್ಜಿಗೆ ಬಾಡಿಗೆಯವರ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ಹೊತ್ತಿಕೊಳ್ಳಲಿಲ್ಲವೆಂದರೆ ಸಾಕು, ಮದುವೆಯ ಕರೆ ಬಂದಷ್ಟು ಸಡಗರ. ಹೂವಿನ ಚಿತ್ತಾರದ ದೊಗಳೆ ಪ್ಯಾಂಟು ತೊಟ್ಟು, ಹೇರ್ ಡ್ರೈಯರನ್ನು ಪಿಸ್ತೂಲಿನಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲು ಹತ್ತುವಾಗಲೇ "ಎಲ್ಲಿದಾನೆ ಆ ಸೋಮಾರಿ ಅಳಿಯ?" ಎಂದು ಕೂಗುತ್ತಾರೆ. ಗ್ಯಾಸ್ ಕುಡಿದೂ ಉರಿಯದ ಬಾಯ್ಲರ್ ಅವರ ಪಾಲಿಗೆ ಉಂಡೂ ದುಡಿಯದ ಅಳಿಯ. ಅಡುಗೆ ಒಲೆ ಹಚ್ಚಿ ಗ್ಯಾಸ್ ಬರುತ್ತಿದೆಯೇ ನೋಡುತ್ತಾರೆ, ಪ್ಲಗ್ ಕಿತ್ತು ಮತ್ತೆ ಚುಚ್ಚುತ್ತಾರೆ, ಹೆಪ್ಪುಗಟ್ಟಿದ ನೀರಿನ ಕೊಳವೆಗೆ ಬಿಸಿಗಾಳಿ ಊದುತ್ತಾ ಅಳಿಯನ ಏಳು ತಲೆಮಾರನ್ನು ಜಾಲಾಡುತ್ತಾರೆ. ಹಿಮ ಸುರಿದ ಒಂದು ಬೆಳಿಗ್ಗೆ ಹೊಸ ಬಾಡಿಗೆಯವಳು ಯೆದಾಮ್ ಕಂಬಳಿ ಹೊದ್ದು ನಡುಗುತ್ತಾ, "ಅಜ್ಜಿ, ಮೆಕ್ಯಾನಿಕ್ಕನ್ನ ಕರೆಯೋಣ್ವಾ?" ಎಂದಳು. "ಅವನು ಬರೋದ್ರೊಳಗೆ ನೀನು ಐಸ್‌ಕ್ರೀಮ್ ಆಗಿರ್ತೀಯ ಕಣೇ!" ಎಂದು ಅಜ್ಜಿ ಮತ್ತೊಮ್ಮೆ ಗುಂಡಿ ಒತ್ತಿದರು. ಬಾಯ್ಲರ್ ಕೆಮ್ಮಿತು, ಸೀನಿತು, ಕೊನೆಗೆ ಗುಂಯ್ ಎಂದು ಹೊತ್ತಿಕೊಂಡಿತು. ಯೆದಾಮ್ ಕಂಬಳಿಯ ಸಮೇತ ಕುಣಿದಳು. ಅಜ್ಜಿ ಮಾತ್ರ ಹೊಗೆ ಕೊಳವೆಯ ಒಂದೊಂದು ಬೆಸುಗೆಯನ್ನೂ ಬೆರಳಿನಿಂದ ಸವರಿ ನೋಡತೊಡಗಿದರು. "ಉರೀತಲ್ಲ ಅಜ್ಜಿ, ಇನ್ನೇನು?" ಎಂದು ಯೆದಾಮ್ ನಕ್ಕಳು. "ಕಲ್ಲಿದ್ದಲ ಒಲೆ ಇದ್ದ ಕಾಲದಲ್ಲಿ ನಮ್ಮಕ್ಕ ಬೆಚ್ಚಗೆ ಮಲಗಿದ್ಲು. ಹೊಗೆ ಒಳಗೇ ನಿಂತಿತ್ತು. ಬೆಳಗ್ಗೆ ಎಷ್ಟು ಕೂಗಿದ್ರೂ ಏಳ್ಲಿಲ್ಲ," ಎಂದರು ಅಜ್ಜಿ. ಆಮೇಲೆ ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟು, ಯೆದಾಮಳ ಕಂಬಳಿ ಸರಿಪಡಿಸಿ, "ನಾಳೆ ಬೆಳಗ್ಗೆ ಬಂದು ಬಾಗಿಲು ಬಡೀತೀನಿ. ನಿದ್ದೆ ಕೆಡಿಸಿದೆ ಅಂತ ಎಷ್ಟು ಬೇಕಾದ್ರೂ ಬೈಕೋ ಮಗಳೇ, ಆದ್ರೆ ಓ ಅನ್ನು," ಎಂದರು.