ಸಿ.ಡಿ.ಯೊಳಗೆ ಅವ್ವನ ದನಿ

ಚಿಂಚೋಳಿಯ ಶಾಲೆಯೊಂದರಲ್ಲಿ ನನ್ನ ಅಕ್ಕ ಟೀಚರಾಗಿದ್ದಳು. ಅವಳ ತರಗತಿಗೆ ಕಂಪ್ಯೂಟರ್ ಬಂದಾಗ ಹೆಡ್‌ಮಾಸ್ತರರು ಒಂದು ಕರಾರು ಹಾಕಿದರು. ಪರೀಕ್ಷೆಯ ಅಂಕಪಟ್ಟಿಯನ್ನು ಅಕ್ಕ ಅದರಲ್ಲೇ ಮಾಡಿ ತೋರಿಸಿದರೆ ಅದು ಮಕ್ಕಳ ನಡುವೆ ಇರುತ್ತದೆ, ಇಲ್ಲದಿದ್ದರೆ ತಮ್ಮ ಕೋಣೆಗೆ ಹೋಗುತ್ತದೆ. ಆ ಕೋಣೆಗೆ ಹಿಂದೆ ಹೋದ ಗ್ಲೋಬು ಇನ್ನೂ ಹೊರಬಂದಿರಲಿಲ್ಲ.

ಚಿತ್ತಾಪುರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಾನು ಫೋನಿನಲ್ಲೇ ಪಾಠ ಶುರು ಮಾಡಿದೆ. "ಬಲಕ್ಕ ಮ್ಯಾಲ ನೋಡು" ಅಂದರೆ ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಇದು ಬಗೆಹರಿಯುವ ಮಾತಲ್ಲ ಎನಿಸಿ, ನನ್ನ ಪರದೆಯನ್ನೇ ಚಿತ್ರೀಕರಿಸಿ ಕಳಿಸಲು ಹೊರಟೆ. ಅದಕ್ಕೊಂದು ಸಾಫ್ಟ್‌ವೇರ್ ಹುಡುಕುವಷ್ಟರಲ್ಲಿ ಸಾಕುಸಾಕಾಯಿತು. ಕನ್ಯೆ ನೋಡಲಿಕ್ಕೂ ನಮ್ಮ ಮನೆಯಲ್ಲಿ ಇಷ್ಟು ತಕರಾರು ಆಗಿರಲಿಲ್ಲ.

ಮೊದಲನೆಯದು ಪುಕ್ಕಟೆ ಬಂದಿತ್ತು. ಆದರೆ ತನ್ನ ಹೆಸರನ್ನು ಪರದೆಯ ನಟ್ಟನಡುವೆ, ಅಂಕಗಳ ಮೇಲೆಯೇ ದಪ್ಪಕ್ಷರದಲ್ಲಿ ಬರೆದುಕೊಳ್ಳುತ್ತಿತ್ತು. ಎರಡನೆಯದು ನೋಡಲು ಬಲು ಚೆಂದ, ಆದರೆ ಮೂಕ. ಅದರಲ್ಲೇ ಮಾಡಿ ಸಿ.ಡಿ.ಗೆ ಹಾಕಿ, ಚಿಂಚೋಳಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟೆ. ನಮ್ಮ ಅಂಚೆ, ನಮ್ಮ ಇಂಟರ್‌ನೆಟ್ಟು ಎಲ್ಲ ಅವರೇ.

ಸಂಜೆಗೆ ಅಕ್ಕನ ಫೋನು ಬಂತು. "ನೀ ಒತ್ತಿದಲ್ಲೇ ನಾನೂ ಒತ್ತಾಕತ್ತೀನಿ, ಏನೂ ಆಗವಲ್ದು. ಬಾಣ ತಾನೇ ಓಡ್ಯಾಡಾಕತ್ತದ."

ಪರದೆ ತುಂಬ ವಿಡಿಯೊ ಹಾಕಿಕೊಂಡು ಅದರ ಮೇಲೆಯೇ ಅವಳು ಕ್ಲಿಕ್ ಮಾಡುತ್ತ ಕೂತಿದ್ದಳು. ನಕ್ಕೆನಾದರೂ ಒಳಗೊಳಗೆ ಹೆದರಿಕೆಯಾಯಿತು. ಹೆಡ್‌ಮಾಸ್ತರರು ಮರುದಿನವೇ ಪರೀಕ್ಷಿಸಲು ಬರುವವರಿದ್ದರು.

ಉಳಿದದ್ದು ಮೂರನೆಯದು. ರೂಪ ಸುಮಾರು, ಆದರೆ ದನಿ ಹಿಡಿಯುತ್ತಿತ್ತು, ಫೈಲೂ ಸಣ್ಣದು. ಬೆಳಿಗ್ಗೆ ಅಡುಗೆಮನೆಯ ಪಕ್ಕ ಕೂತು, "ಇದು ಬರೀ ನೋಡಾಕ, ಒತ್ತಬ್ಯಾಡ" ಎಂದು ಶುರುಮಾಡಿ ಒಂದೊಂದೇ ಹೆಜ್ಜೆ ಹೇಳಿದೆ. ಬಸ್ಸು ಹೊರಡುವ ಹೊತ್ತಾಗಿತ್ತು, ಕೇಳಿ ನೋಡಲು ಪುರಸೊತ್ತಿರಲಿಲ್ಲ.

ಮುಂದಿನದನ್ನು ಅಕ್ಕ ಹೇಳಿದ್ದು. ಮಕ್ಕಳು, ಹೆಡ್‌ಮಾಸ್ತರರು ಎಲ್ಲ ಸುತ್ತ ನಿಂತಿದ್ದಾರೆ. ಸಿ.ಡಿ. ಓಡುತ್ತಿದೆ. ನಾನು ಮೊತ್ತ ಹಾಕುವುದನ್ನು ತೋರಿಸುತ್ತಿದ್ದಂತೆ ಹಿಂದಿನಿಂದ ನಮ್ಮ ಅವ್ವನ ದನಿ ಸ್ಪಷ್ಟವಾಗಿ ಕೇಳಿಸಿತಂತೆ: "ಎಲ್ಲಾ ನನ್ನ ಮಗಳೇ ಮಾಡಬೇಕೇನು? ಆ ಹೆಡ್‌ಮಾಸ್ತರಗ ಕಲಿಯಾಕ ಏನಾಗ್ಯದ? ಚಹಾ ಆರಾಕತ್ತದ, ಕುಡಿ."

ಅಕ್ಕ ಗಡಬಡಿಸಿ ಸಿ.ಡಿ. ನಿಲ್ಲಿಸಿದಳು. ಆದರೂ ನೋಡಿದ್ದನ್ನೆಲ್ಲ ಒಂದೂ ಬಿಡದೆ ಮಾಡಿ ಅಂಕಪಟ್ಟಿ ಮುಗಿಸಿದಳು. ಮಕ್ಕಳು ಹೆಡ್‌ಮಾಸ್ತರರ ಮುಖವನ್ನೇ ನೋಡುತ್ತಿದ್ದರು.

ಅವರು ಕಂಪ್ಯೂಟರ್ ಮುಟ್ಟಲಿಲ್ಲ. ಮಕ್ಕಳ ಬೆಂಚೊಂದನ್ನು ಎಳೆದುಕೊಂಡು ಅಕ್ಕನ ಪಕ್ಕ ಕೂತರು.

"ಮೊದಲಿಂದ ಹಚ್ರಿ ಟೀಚರ್" ಅಂದರು. "ಅವ್ವಾರಿಗೆ ಹೇಳ್ರಿ, ಕಲಿಯಾಕತ್ತೀನಿ ಅಂತ."